ಬೆಕ್ಕುಗಳ ಶ್ವಾಸಕೋಶದ ಹುಳು

ಕಣಜದ ಕಾಳನ್ನು ಇಲಿ ಹೆಗ್ಗಣಗಳಿಂದ ಕಾಯುವ ಪ್ರಾಣಿಯು ಬೆಕ್ಕು. ಅದು ಕೆಮ್ಮತೊಡಗಿದರೆ, ಗಂಟಲಲ್ಲಿ ಕೂದಲು ಸಿಕ್ಕಿರಬಹುದೆಂದು ಕೆಲವರು ಸುಮ್ಮನಿರುವರು. ಕ್ಷಯವೆಂದು ಹೆದರಿ ಕೆಲವರು ಹೊರಗಟ್ಟುವರು. ಎರಡೂ ಸರಿಯಲ್ಲ. ಶ್ವಾಸಕೋಶದಲ್ಲಿ ನೆಲಸುವ ಒಂದು ಹುಳುವೂ ಇಂತಹ ಕೆಮ್ಮಿಗೆ ಕಾರಣವಾಗಬಹುದು.

ಹುಳುವು ಹರಡುವ ಬಗೆ: ಈ ಹುಳು ಕೂದಲೆಳೆಯಂತೆ ಸಣ್ಣದು, ಉದ್ದ ಸುಮಾರು 1 ಸೆಂಟಿಮೀಟರ್. ಶ್ವಾಸಕೋಶದಲ್ಲಿ ಇದರ ಮೊಟ್ಟೆಗಳೊಡೆದು ಮರಿಗಳಾಗುವುವು. ಬೆಕ್ಕು ಕೆಮ್ಮಿದಾಗ ಮರಿಗಳು ಗಂಟಲಿಗೆ ಬಂದು, ನುಂಗಲ್ಪಟ್ಟು, ಮಲದೊಡನೆ ಹೊರಬೀಳುವುವು. ಅಲ್ಲಿಂದ ಬಸವನಹುಳುವಿನ ಮೈಯನ್ನು ಹೊಕ್ಕು, ಕೆಲವು ವಾರಗಳಲ್ಲಿ ಬಲಿಯುವುವು. ಆ ಬಸವನಹುಳುವನ್ನು ತಿಂದ ಇಲಿ, ಹಲ್ಲಿ, ಕಪ್ಪೆ, ಹಕ್ಕಿಗಳ ದೇಹದಲ್ಲಿಯೂ ಅವು ಜೀವದಿಂದಿರುವುವು. ಇವುಗಳನ್ನು ಬೇಟೆಯಾಡಿ ತಿಂದ ಬೆಕ್ಕಿಗೆ ರೋಗ ತಗಲುವುದು. ಸುಮಾರು 6 ವಾರಗಳ ಬಳಿಕ ಅದರ ಮಲದಲ್ಲಿಯೂ ಮರಿಗಳು ಕಾಣುವುವು. ಬೆಕ್ಕುಗಳು ಒಟ್ಟಿಗೆ ಮಲಗುವುದರಿಂದ ಇದು ಹರಡುವುದಿಲ್ಲ, ಮನುಷ್ಯರಿಗೂ ಅಂಟುವುದಿಲ್ಲ.

ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿರುವ ಮಲಪನಗುಡಿಯ ಸುತ್ತಲಿನ ಸೀಮೆಯಲ್ಲಿ ವಿಜಯನಗರ ಕಾಲದ ಕಾಲುವೆಗಳ ನೀರಿನಿಂದ ಬತ್ತ, ಕಬ್ಬು, ಬಾಳೆಗಳು ಬೆಳೆಯುವುವು. ಇಂತಹ ತಂಪು ನೆಲವು ಬಸವನಹುಳುವಿಗೂ ಇಲಿಗೂ ಹಿತವಾದುದು. ಆದುದರಿಂದ ನೀರಾವರಿ ಗ್ರಾಮದವರು ಈ ವಿಷಯವನ್ನು ತಿಳಿದಿರುವುದು ಒಳ್ಳೆಯದು.

ಲಕ್ಷಣಗಳು: ಬಿಡದ ಕೆಮ್ಮು, ಏದುಸಿರು, ಮೈ ಬಡವಾಗುವುದು. ದೃಢವಾದ ಬೆಕ್ಕು ಕೆಲವು ತಿಂಗಳಲ್ಲಿ ತಾನಾಗಿಯೇ ಗುಣಹೊಂದುವುದುಂಟು. ಎಳೆಯ ಮರಿಗೆ ಪ್ರಾಣಾಪಾಯವಾಗಬಹುದು.

ಪರೀಕ್ಷೆ ಮತ್ತು ಚಿಕಿತ್ಸೆ: ಹೊಸ ಮಲವನ್ನು ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ಅದನ್ನು ಬಟ್ಟೆಯಲ್ಲಿ ಕಟ್ಟಿ ಉಗುರುಬೆಚ್ಚಗಿನ ನೀರಿನಲ್ಲಿ ಇಳಿಬಿಟ್ಟರೆ ಮರಿಗಳು ತಳಕ್ಕಿಳಿಯುವುವು. ಸೂಕ್ಷ್ಮದರ್ಶಕದಲ್ಲಿ ಅವುಗಳನ್ನು ಗುರುತಿಸಬಹುದು. ಫೆನ್‌ಬೆಂಡಜೋಲ್ ಮೊದಲಾದ ಔಷಧಗಳನ್ನು ವೈದ್ಯರು ಬೆಕ್ಕಿನ ತೂಕವನ್ನು ನೋಡಿ ಕೊಡುವರು. ಮನುಷ್ಯರ ಜ್ವರದ ಮಾತ್ರೆಯಾದ ಪ್ಯಾರಸಿಟಮಾಲನ್ನು ಎಂದಿಗೂ ಕೊಡಕೂಡದು. ಅದು ಬೆಕ್ಕಿಗೆ ವಿಷ.

ಮುನ್ನೆಚ್ಚರಿಕೆ: ಬೇಟೆಯೇ ಬೆಕ್ಕಿನ ಕೆಲಸವಾದುದರಿಂದ ಅದನ್ನು ಪೂರ್ತಿಯಾಗಿ ತಡೆಯಲಾಗದು. ಮಲ ಮತ್ತು ಬಸವನಹುಳು ಒಂದುಗೂಡದಂತೆ ಮಾಡುವುದು ಮಾತ್ರ ರೈತನ ಕೈಯಲ್ಲಿದೆ.

1. ಮಲವಿಸರ್ಜನೆಗೆ ಒಣ ಮರಳಿನ ತಟ್ಟೆಯನ್ನಿಟ್ಟು, ಮಲವನ್ನು ದಿನವೂ ತೆಗೆದು ಸುಡತಕ್ಕದ್ದು.

2. ಹಿತ್ತಲಿನ ಬಚ್ಚಲು ನೀರು ನಿಲ್ಲದಂತೆ ಮಾಡಿ, ಬಸವನಹುಳುಗಳನ್ನು ಆರಿಸಿ ನಾಶಮಾಡತಕ್ಕದ್ದು.

3. ಬೆಕ್ಕಿಗೆ ಮನೆಯಲ್ಲಿ ಹೊಟ್ಟೆತುಂಬ ಆಹಾರವಿಡತಕ್ಕದ್ದು.

ಒಂದು ಮನೆಯವರು ಮಾತ್ರ ಹೀಗೆ ನಡೆದರೆ ಸಾಲದು, ಬೆಕ್ಕಿಗೆ ಬೇಲಿಯಿಲ್ಲ. ಗ್ರಾಮದ ಮುಖಂಡರು ಎಲ್ಲರಿಗೂ ತಿಳಿಯಹೇಳಬೇಕು. ಕೆಮ್ಮುವ ಬೆಕ್ಕನ್ನು ಊರಾಚೆ ಬಿಟ್ಟುಬಂದರೆ ಹುಳು ಊರನ್ನು ಬಿಡುವುದಿಲ್ಲ. ಕಣಜದ ಕಾವಲು ಮಾತ್ರ ತಪ್ಪುವುದು.