ಐವತ್ತು ಪೈಸೆ ಕಾರ್ಡಿನ ಲೆಕ್ಕ

ಅಂಚೆ ಕಾರ್ಡಿಗೆ ಈಗಲೂ 50 ಪೈಸೆ. ಎಂಟಾಣೆ ಬಿಲ್ಲೆಯನ್ನು ಅಂಗಡಿಯವರು ಮುಟ್ಟದೆ ಎಷ್ಟು ಕಾಲವಾಯಿತೋ, ಕಾರ್ಡು ಮಾತ್ರ ಅದೇ ಬೆಲೆಗೆ ಅಂಟಿಕೊಂಡು ಕೂತಿದೆ. ಸಂಸದರ ಸಂಬಳ, ಭತ್ಯೆಗಳ ಪಟ್ಟಿ ಓದುತ್ತಿದ್ದಾಗ ನನಗೆ ಈ ಕಾರ್ಡು ನೆನಪಾಯಿತು. 1,24,000 ರೂಪಾಯಿ ಸಂಬಳದ ಬಗ್ಗೆ ಕಟ್ಟೆಯ ಮೇಲೆ ಕೂತು ಎಲ್ಲರೂ ಮಾತಾಡುತ್ತಾರೆ. ನನ್ನ ಕಣ್ಣು ನಿಂತದ್ದು ಅದರ ಕೆಳಗಿನ ಒಂದು ಸಾಲಿನ ಮೇಲೆ. ಕಚೇರಿ ವೆಚ್ಚಕ್ಕೆಂದು ತಿಂಗಳಿಗೆ 75,000. ಅದರಲ್ಲಿ 50,000 ಸಹಾಯಕರ ಸಂಬಳಕ್ಕೆ, ಉಳಿದ 25,000 ಕಾಗದ, ಲಕೋಟೆ, ಅಂಚೆಗೆ.

ಒಬ್ಬ ಸಂಸದರು ಆ 25,000ವನ್ನು ಪೂರ್ತಿ ಕಾರ್ಡಿಗೇ ಸುರಿದರು ಅನ್ನಿ. ತಿಂಗಳಿಗೆ 50,000 ಕಾರ್ಡು. ಕ್ಷೇತ್ರದ ಪ್ರತಿ ಮತದಾರರಿಗೂ ಒಂದೊಂದು, 'ನಮಸ್ಕಾರ, ನಾನು ನಿಮ್ಮ ಎಂ.ಪಿ., ಏನು ಬೇಕು ಹೇಳಿ' ಅಂತ ಎರಡು ಸಾಲು. 2024ರ ಚುನಾವಣೆಗೆ ದೇಶದಲ್ಲಿ ಇದ್ದ ಮತದಾರರು 96.88 ಕೋಟಿ, ಲೋಕಸಭೆಯ 543 ಸ್ಥಾನಕ್ಕೆ ಹಂಚಿದರೆ ಕ್ಷೇತ್ರಕ್ಕೆ 17.84 ಲಕ್ಷ. ಕಾರ್ಡು ಕಳಿಸಿ ಮುಗಿಸಲು ಸುಮಾರು 36 ತಿಂಗಳು, ಅಂದರೆ ಮೂರು ವರ್ಷ ಬೇಕು.

ಇದು ಸರಾಸರಿ. ಬೆಂಗಳೂರು ಉತ್ತರಕ್ಕೆ ಬನ್ನಿ. ಕೆ.ಆರ್. ಪುರ, ಬ್ಯಾಟರಾಯನಪುರ, ಯಶವಂತಪುರ, ದಾಸರಹಳ್ಳಿಗಳೆಲ್ಲ ಸೇರಿದ ಈ ಕ್ಷೇತ್ರದಲ್ಲಿ 32.14 ಲಕ್ಷ ಮತದಾರರು. ಇಲ್ಲಿಯ ಎಂ.ಪಿ. ಗೆದ್ದ ತಿಂಗಳಿಂದಲೇ ಕಾರ್ಡು ಬರೆಯಲು ಕೂತರೂ 64 ತಿಂಗಳು ಹಿಡಿಯುತ್ತದೆ. ಅವಧಿ ಇರುವುದೇ 60 ತಿಂಗಳು. ಎರಡು ಲಕ್ಷಕ್ಕೂ ಹೆಚ್ಚು ಜನಕ್ಕೆ ಕಾರ್ಡು ತಲುಪುವ ಮೊದಲೇ ಮುಂದಿನ ಚುನಾವಣೆಯ ಕರಪತ್ರ ಬಾಗಿಲ ಸಂದಿಯಲ್ಲಿ ಬಂದು ಬಿದ್ದಿರುತ್ತದೆ. ಹೈದರಾಬಾದಿನ ಮಗ್ಗುಲಿನ ಮಲ್ಕಾಜ್‌ಗಿರಿಯಲ್ಲಿ ಮತದಾರರ ಸಂಖ್ಯೆ 37 ಲಕ್ಷ ದಾಟಿದೆ. ಅಲ್ಲಿ ಲೆಕ್ಕ ಆರು ವರ್ಷ ಮೀರುತ್ತದೆ. ಕರ್ನಾಟಕದಲ್ಲಿ ಅತಿ ಕಡಿಮೆ ಮತದಾರರಿರುವ ಉಡುಪಿ–ಚಿಕ್ಕಮಗಳೂರಿಗೂ, 15.85 ಲಕ್ಷಕ್ಕೆ, ಎರಡೂವರೆ ವರ್ಷಕ್ಕೆ ಮೇಲೆಯೇ.

ಶಾಲೆಯಲ್ಲಿ ಭಿನ್ನರಾಶಿ ಕಲಿಸುವಾಗ ಮೇಷ್ಟ್ರು ಮೇಲಿನದು ಅಂಶ, ಕೆಳಗಿನದು ಛೇದ ಅನ್ನುತ್ತಿದ್ದರು. ನಮ್ಮ ಪ್ರಜಾಪ್ರಭುತ್ವದ ಭಿನ್ನರಾಶಿಯಲ್ಲಿ ಅಂಶ ಸದಾ ಒಂದೇ, ಒಬ್ಬ ಎಂ.ಪಿ. ಛೇದ ಮಾತ್ರ ಬೆಳೆಯುತ್ತಲೇ ಹೋಯಿತು. ಮೊದಲ ಮಹಾಚುನಾವಣೆಯಲ್ಲಿ ದೇಶದ ಮತದಾರರು 17.3 ಕೋಟಿ, ಸ್ಥಾನ 489. ತಲಾ ಮೂರೂವರೆ ಲಕ್ಷ ಚಿಲ್ಲರೆ. ಇವತ್ತಿನ ಎಂ.ಪಿ. ಆ ಕಾಲದ ಐವರ ಭಾರ ಹೊತ್ತಿದ್ದಾರೆ. ಸಂವಿಧಾನ ಜಾರಿಯಾದಾಗ ಅದರ 81ನೆಯ ವಿಧಿಯಲ್ಲಿ ಈ ಛೇದಕ್ಕೊಂದು ಬೇಲಿಯೂ ಇತ್ತು: ಏಳೂವರೆ ಲಕ್ಷ ಜನಸಂಖ್ಯೆಗೆ ಒಬ್ಬರಾದರೂ ಸದಸ್ಯರಿರಬೇಕು. ಮತದಾರರಲ್ಲ, ಕೂಸು ಕಂದಮ್ಮಗಳನ್ನೂ ಸೇರಿಸಿದ ಜನಸಂಖ್ಯೆ. 1952ರ ಎರಡನೆಯ ತಿದ್ದುಪಡಿಯಲ್ಲೇ ಆ ಬೇಲಿ ಹೋಯಿತು. 1976ರಲ್ಲಿ ರಾಜ್ಯಗಳ ಪಾಲನ್ನು 1971ರ ಜನಗಣತಿಗೆ ಕಟ್ಟಿಹಾಕಿದರು. 2001ರಲ್ಲಿ ಆ ಗಂಟನ್ನು ಇನ್ನಷ್ಟು ಬಿಗಿದರು. 1971ರಲ್ಲಿ ಕರ್ನಾಟಕದ ಜನ 2.93 ಕೋಟಿ, 2011ರ ಗಣತಿಯಲ್ಲಿ 6.11 ಕೋಟಿ. 1977ರಿಂದ ಸ್ಥಾನ ಮಾತ್ರ 28.

ಆ ಹಳೆಯ ಬೇಲಿ ಇವತ್ತೂ ನಿಂತಿದ್ದರೆ ಏನಾಗುತ್ತಿತ್ತು? 140 ಕೋಟಿ ಜನ ಅಂತಲೇ ಇಟ್ಟುಕೊಳ್ಳೋಣ. ಸುಮಾರು 1,870 ಸಂಸದರು ಬೇಕಾಗುತ್ತಿದ್ದರು. 2023ರಲ್ಲಿ ಉದ್ಘಾಟನೆಯಾದ ಹೊಸ ಸಂಸತ್ ಭವನದ ಲೋಕಸಭಾಂಗಣದಲ್ಲಿ 888 ಆಸನಗಳಿವೆ. ಅಷ್ಟು ವಿಶಾಲ ಅಂತ ನಾವು ಬೀಗಿದ ಸಭಾಂಗಣದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊರಗೆ ನಿಲ್ಲಬೇಕಿತ್ತು. ಬ್ರಿಟನ್ನಿನ ಅಳತೆ ಹಿಡಿದರಂತೂ ತಲೆ ತಿರುಗುತ್ತದೆ. ಅಲ್ಲಿ ಒಬ್ಬ ಎಂ.ಪಿ.ಗೆ ಸರಾಸರಿ 73,000 ಮತದಾರರು. ಆ ಲೆಕ್ಕಕ್ಕೆ ನಮಗೆ 13,000ಕ್ಕೂ ಮಿಕ್ಕಿ ಸಂಸದರು, ಅವರನ್ನು ಕೂರಿಸಲು ಹೊಸ ಲೋಕಸಭಾಂಗಣದಂಥವು ಹದಿನೈದು. ಅಮೆರಿಕದ ಕೆಳಮನೆಯ ಸದಸ್ಯರಿಗೆ ತಲಾ 7.6 ಲಕ್ಷ ಜನ, ಅಷ್ಟಕ್ಕೇ 18 ಮಂದಿ ಕಾಯಂ ಸಿಬ್ಬಂದಿ ಇಟ್ಟುಕೊಳ್ಳಬಹುದು. ನಮ್ಮಲ್ಲಿ ಅವರಿಗಿಂತ ಎರಡು ಪಟ್ಟಿಗೂ ಮೀರಿದ ಜನಕ್ಕೆ, ಸಹಾಯಕರ ಬಾಬ್ತು 50,000 ರೂಪಾಯಿ. ಎಂ.ಪಿ. ಸಿಗಲಿಲ್ಲ, ಪಿ.ಎ. ಫೋನ್ ಎತ್ತಲಿಲ್ಲ ಅಂತ ಬೈಯುವ ಮೊದಲು ಈ ಅಂಕಿಯನ್ನು ಒಮ್ಮೆ ನೋಡುವುದು ಒಳ್ಳೆಯದು. ನೋಡಿದ ಮೇಲೂ ಬೈಯಬಹುದು, ಅದು ಮತದಾರರ ಹಕ್ಕು.

ಬೆಳಗ್ಗೆ ಒಬ್ಬ ಎಂ.ಪಿ.ಯ ಮನೆ ಮುಂದಿನ ಶಾಮಿಯಾನದಡಿ ಹತ್ತು ನಿಮಿಷ ನಿಂತರೆ ಸಾಕು, ದಿಲ್ಲಿಗೂ ಅರ್ಜಿಗಳಿಗೂ ಇರುವ ದೂರ ಗೊತ್ತಾಗುತ್ತದೆ. ರೈಲಿಗೊಂದು ಸ್ಟಾಪ್ ಕೊಡಿಸಿ ಅನ್ನುವವರ ಅರ್ಜಿ ಸರಿಯಾದ ವಿಳಾಸಕ್ಕೇ ಬಂದಿದೆ. ಆಸ್ಪತ್ರೆ ಖರ್ಚಿಗೆ ಪ್ರಧಾನಮಂತ್ರಿ ಪರಿಹಾರ ನಿಧಿಗೆ ಶಿಫಾರಸು ಕೇಳುವವರದೂ ಸರಿ. ಉಳಿದದ್ದು? ಚರಂಡಿ, ಖಾತೆ ಬದಲಾವಣೆ, ಪಡಿತರ ಚೀಟಿ, ಮಗಳ ವರ್ಗಾವಣೆ, ಅಣ್ಣ ತಮ್ಮಂದಿರ ಗಡಿ ಜಗಳ, ಜೊತೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಗಳು. ಪಂಚಾಯ್ತಿಯದೋ ತಹಸೀಲ್ದಾರರದೋ ಕೆಲಸ. ಆದರೆ 'ಸಾರ್, ಒಂದು ಮಾತು ಹೇಳಿ ಸಾಕು' ಅನ್ನುವ ನಂಬಿಕೆ. ಕೇಂದ್ರೀಯ ವಿದ್ಯಾಲಯದಲ್ಲಿ ಸೀಟು ಕೊಡಿಸಿ ಅನ್ನುವ ಸಾಲು ಮಾತ್ರ ಈಗ ಕರಗಿದೆ. 2022ರವರೆಗೆ ಪ್ರತಿ ಸಂಸದರಿಗೂ ವರ್ಷಕ್ಕೆ ಹತ್ತು ಮಕ್ಕಳ ಹೆಸರು ಸೂಚಿಸುವ ಅವಕಾಶವಿತ್ತು. 1.78 ಲಕ್ಷ ಮತದಾರರಿಗೆ ಒಂದು ಸೀಟು! ಹತ್ತು ಮನೆಯಲ್ಲಿ ಪಾಯಸ, ಸಾವಿರ ಮನೆಯಲ್ಲಿ ಮುನಿಸು. ಅದು ರದ್ದಾದಾಗ ಒಳಗೊಳಗೇ ನಿಟ್ಟುಸಿರು ಬಿಟ್ಟ ಸಂಸದರೂ ಇದ್ದಿರಬೇಕು ಅಂತ ನನ್ನ ಊಹೆ.

ಇನ್ನು ಹಣ. 'ಎಂ.ಪಿ.ಗೆ ಐದು ಕೋಟಿ ಬರುತ್ತಂತೆ' ಅನ್ನುವ ಮಾತು ಹಳ್ಳಿಯ ಹೋಟೆಲಿನಲ್ಲೂ ಕೇಳಿಬರುತ್ತದೆ. ಬರುವುದು ಅವರ ಕೈಗಲ್ಲ. ಅವರು ಕಾಮಗಾರಿ ಸೂಚಿಸುತ್ತಾರೆ, ಮಂಜೂರು ಮಾಡುವುದು, ಹಣ ಬಿಡುವುದು ಜಿಲ್ಲಾಡಳಿತ. 1993ರ ಡಿಸೆಂಬರಿನಲ್ಲಿ ನರಸಿಂಹ ರಾವ್ ಸರ್ಕಾರ ಈ ಸಂಸದರ ನಿಧಿ ಯೋಜನೆ ತಂದಾಗ ಮೊದಲ ವರ್ಷಕ್ಕೆ ಕೊಟ್ಟದ್ದು ಐದು ಲಕ್ಷ. ಮರುವರ್ಷ ಒಂದು ಕೋಟಿ, 1998ರಲ್ಲಿ ಎರಡು, 2011ರಲ್ಲಿ ಐದು. ಅಲ್ಲಿಗೆ ನಿಂತಿತು. ಕೋವಿಡ್ ಹೊತ್ತಿನಲ್ಲಿ ಒಂದೂವರೆ ವರ್ಷ ಅದೂ ಇರಲಿಲ್ಲ.

ಐದು ಕೋಟಿಯನ್ನು ಸರಾಸರಿ ಕ್ಷೇತ್ರದ ಮತದಾರರಿಗೆ ಹಂಚಿದರೆ ತಲೆಗೆ ವರ್ಷಕ್ಕೆ 28 ರೂಪಾಯಿ. ದರ್ಶಿನಿಯಲ್ಲಿ ಒಂದು ಪ್ಲೇಟು ಇಡ್ಲಿಗೂ ಸಾಲದು. ಬೆಂಗಳೂರು ಉತ್ತರದಲ್ಲಿ 15 ರೂಪಾಯಿ 56 ಪೈಸೆ. ಅದರಲ್ಲೂ ಶೇ 15 ಪರಿಶಿಷ್ಟ ಜಾತಿಯವರಿರುವ, ಶೇ 7.5 ಪರಿಶಿಷ್ಟ ಪಂಗಡದವರಿರುವ ಪ್ರದೇಶಗಳಿಗೆ ಮೀಸಲು, ಅದು ನ್ಯಾಯವೇ. ಕರ್ನಾಟಕದ ಒಂದು ಲೋಕಸಭಾ ಕ್ಷೇತ್ರದೊಳಗೆ ಎಂಟು ವಿಧಾನಸಭಾ ಕ್ಷೇತ್ರಗಳಿವೆ, ಒಬ್ಬೊಬ್ಬ ಶಾಸಕರ ನಿಧಿ ಎರಡು ಕೋಟಿ. ಅದೇ ನೆಲದಲ್ಲಿ ಎಂಟು ಎಮ್ಮೆಲ್ಲೆಗಳ ಬಳಿ ಒಟ್ಟು 16 ಕೋಟಿ, ಅವರೆಲ್ಲರ ಹರವನ್ನು ಒಬ್ಬರೇ ಸುತ್ತುವ ಎಂ.ಪಿ.ಯ ಹೆಸರಿನಲ್ಲಿ ಐದು. ದೇಶದ ಎರಡೂ ಸದನಗಳ ಎಲ್ಲ ಸದಸ್ಯರ ನಿಧಿಯನ್ನು ಒಟ್ಟುಗೂಡಿಸಿದರೂ ವರ್ಷಕ್ಕೆ 4,000 ಕೋಟಿ ಮುಟ್ಟುವುದಿಲ್ಲ. 2024–25ರ ಕೇಂದ್ರ ಬಜೆಟ್ 48.2 ಲಕ್ಷ ಕೋಟಿ. ಅಂದರೆ ನೂರು ರೂಪಾಯಿಯಲ್ಲಿ ಎಂಟು ಪೈಸೆ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂದರೆ ಇದೇ. ಊರ ಬಾಗಿಲಿನ ಹೈಮಾಸ್ಟ್ ದೀಪದ ಕಂಬಕ್ಕೆ ಅಷ್ಟು ದೊಡ್ಡ ಅಕ್ಷರದಲ್ಲಿ ಹೆಸರು ಬರೆಸುವುದು ಯಾಕೆ ಅಂತಲೂ ಈಗ ಅರ್ಥವಾಯಿತು.

ದುಡ್ಡು ಹೋಗಲಿ, ಮಾತಾದರೂ ಇದೆಯಲ್ಲ ಅನ್ನುತ್ತೀರಿ. ಕ್ಷೇತ್ರದ ಅಹವಾಲನ್ನು ಸದನದ ಕಿವಿಗೆ ಹಾಕಲು ನಿಯಮ 377 ಅಂತ ಒಂದು ದಾರಿ ಇದೆ. ದಿನಕ್ಕೆ 20 ಸದಸ್ಯರಿಗೆ ಅವಕಾಶ, ಬರಹ 250 ಪದ ಮೀರಬಾರದು. 17.84 ಲಕ್ಷ ಮತದಾರರ ಪರವಾಗಿ 250 ಪದ. ಒಂದೊಂದು ಪದದ ಹಿಂದೆ 7,100ಕ್ಕೂ ಹೆಚ್ಚು ಜನ ನಿಂತಿದ್ದಾರೆ. 'ಮಾನ್ಯ ಸಭಾಧ್ಯಕ್ಷರೇ' ಅನ್ನುವಷ್ಟರಲ್ಲಿ 14,000 ಜನರ ಪಾಲು ಮುಗಿಯಿತು. ಕನ್ನಡದಲ್ಲಿ ಬರೆದರೆ ಸ್ವಲ್ಪ ಲಾಭವುಂಟು, 'ನಿಲ್ಲಿಸಲಾಗದಿದ್ದುದರಿಂದ' ಅನ್ನುವುದೂ ನಮ್ಮಲ್ಲಿ ಒಂದೇ ಪದ. 1967ರಲ್ಲಿ ಉತ್ತರ ಕನ್ನಡದ ಜನ ಲೋಕಸಭೆಗೆ ಕಳಿಸಿದ್ದು ಚುಟುಕದ ಕವಿ ದಿನಕರ ದೇಸಾಯಿಯವರನ್ನು. ನಾಲ್ಕೇ ಸಾಲಿನಲ್ಲಿ ಹೇಳಬೇಕಾದ್ದೆಲ್ಲ ಹೇಳಬಲ್ಲ ಅಂಥವರು ಇಂದಿನ ಈ ಮಿತಿಗೆ ಹೇಳಿ ಮಾಡಿಸಿದವರು.

ಶೂನ್ಯವೇಳೆಯ ಕಥೆಯೂ ಹೀಗೆಯೇ. 2019ರ ಜುಲೈ 18ರಂದು ಸದನ ರಾತ್ರಿಯವರೆಗೆ ಕೂತು, ನಾಲ್ಕೂಮುಕ್ಕಾಲು ಗಂಟೆ ಶೂನ್ಯವೇಳೆ ನಡೆಸಿ, 160ಕ್ಕೂ ಹೆಚ್ಚು ಸದಸ್ಯರಿಗೆ ಮಾತಾಡಲು ಬಿಟ್ಟಿತು. ದಾಖಲೆ ಅಂತ ಎಲ್ಲರೂ ಹೊಗಳಿದರು. ತಲೆಗೆ ಬಿದ್ದದ್ದು ಎರಡು ನಿಮಿಷಕ್ಕೂ ಕಡಿಮೆ.

ಈಗ ಲಕ್ಷದ್ವೀಪಕ್ಕೆ ಹೋಗಿಬರೋಣ. ಅಲ್ಲಿಯ ಮತದಾರರು ಸುಮಾರು 57,800. ನಮ್ಮ ಬೆಂಗಳೂರು ಉತ್ತರದಲ್ಲಿ ಅಂಥ 55 ಲಕ್ಷದ್ವೀಪಗಳು ಹಿಡಿಸುತ್ತವೆ. ಅಲ್ಲಿಯ ಸಂಸದರಿಗೂ ಅದೇ ಐದು ಕೋಟಿ, ತಲೆಗೆ 865 ರೂಪಾಯಿ! ಕಾರ್ಡು ಕಳಿಸಲು ಒಂದು ತಿಂಗಳು ಐದು ದಿನ. ಹಾಗಂತ ಅವರದು ಸುಖದ ಬದುಕು ಅನ್ನಬೇಡಿ. ಕಾರ್ಡು ಹೋಗಬೇಕಾದದ್ದು ಅರಬ್ಬೀ ಸಮುದ್ರದಲ್ಲಿ ಚೆಲ್ಲಿಹೋದ ಹತ್ತು ಜನವಸತಿ ದ್ವೀಪಗಳಿಗೆ. ಲಡಾಖಿನವರದು ಇನ್ನೊಂದು ಬಗೆ: ಮತದಾರರು ಎರಡು ಲಕ್ಷದೊಳಗೆ, ಸುತ್ತಬೇಕಾದ ನೆಲ ಕೇರಳದ ಒಂದೂವರೆ ಪಟ್ಟು. ಸದನದಲ್ಲಿ ಮತಕ್ಕೆ ಹಾಕಿದಾಗ ಈ ಮೂವರ ಬೆರಳಿಗೂ ಒಂದೊಂದೇ ಗುಂಡಿ.

ಕೊನೆಗೆ ಒಂದು ಲೆಕ್ಕ ಉಳಿಯಿತು. ಬೆಂಗಳೂರು ಉತ್ತರದ 32.14 ಲಕ್ಷ ಕಾರ್ಡುಗಳಿಗೆ ನೂರರಲ್ಲಿ ಒಬ್ಬರು ಮಾತ್ರ ಉತ್ತರ ಬರೆದರು ಅನ್ನಿ. ಎಂ.ಪಿ.ಯ ಮೇಜಿನ ಮೇಲೆ 32,140 ಕಾರ್ಡು. ಒಂದನ್ನು ಓದಲು ಒಂದೇ ನಿಮಿಷ, ದಿನಕ್ಕೆ ಹತ್ತು ಗಂಟೆ ಬಿಡದೆ ಓದಿದರೆ ಮುಗಿಯಲು ಬೇಕಾಗುವುದು 53 ದಿನ, ಮೇಲೊಂದು ಅರ್ಧ. ಹದಿನೇಳನೆಯ ಲೋಕಸಭೆ ಐದು ವರ್ಷದಲ್ಲಿ ಸೇರಿದ್ದು 274 ದಿನ, ವರ್ಷಕ್ಕೆ 55.