ವಸ್ತು-ಸಂಬಂಧ ನಕ್ಷೆಯೂ ಅರ್ಥಜಾಲದ ಪರಿಭಾಷೆಯೂ

ಪದಾರ್ಥಗಳನ್ನೂ ಅವುಗಳ ಗುಣಗಳನ್ನೂ ಪರಸ್ಪರ ಸಂಬಂಧಗಳನ್ನೂ ವಿಂಗಡಿಸಿ ಹೇಳುವ ಕ್ರಮವು ತರ್ಕಶಾಸ್ತ್ರವನ್ನು ಓದಿದವರಿಗೆ ಹೊಸದಲ್ಲ. ಗಣಕಯಂತ್ರದಲ್ಲಿ ವಿಷಯಗಳನ್ನು ಕೂಡಿಡುವುದಕ್ಕೆ ಇಂತಹುದೇ ಒಂದು ಕ್ರಮವನ್ನು ಪೀಟರ್ ಚೆನ್ ಎಂಬ ವಿದ್ವಾಂಸರು 1976ರಲ್ಲಿ ಪ್ರಕಟಿಸಿದರು. ಎಂಟಿಟಿ-ರಿಲೇಷನ್‌ಷಿಪ್ ಎಂದು ಹೆಸರಾದ ಇದನ್ನು ವಸ್ತು-ಸಂಬಂಧ ಕ್ರಮವೆನ್ನೋಣ. ಗ್ರಂಥಾಲಯಗಳ ಅಂತಾರಾಷ್ಟ್ರೀಯ ಒಕ್ಕೂಟವು 1998ರಲ್ಲಿ ಕೃತಿ, ಪಾಠ, ಆವೃತ್ತಿ, ಪ್ರತಿ ಎಂಬ ನಾಲ್ಕನ್ನು ಬೇರ್ಪಡಿಸಿ ಗ್ರಂಥಸೂಚಿಗೆ ಹಾಕಿಕೊಟ್ಟ ನಕ್ಷೆಯೂ ಈ ಕ್ರಮದ್ದೇ. ಹಸ್ತಪ್ರತಿಗಳನ್ನು ಪರಿಶೋಧಿಸುವವರಿಗೆ ಈ ವಿಂಗಡಣೆಯ ಸೊಗಸನ್ನು ವಿವರಿಸಬೇಕಾದುದಿಲ್ಲ.

ಒಂದು ಗ್ರಂಥಾಲಯದ ಕೋಷ್ಟಕವು ಲೋಕದ ಇತರ ಸೂಚಿಗಳೊಡನೆ ಕೂಡಬೇಕಾದರೆ ಅದನ್ನು ಸೆಮ್ಯಾಂಟಿಕ್ ವೆಬ್ ಎಂಬ ಅರ್ಥಜಾಲದ ಭಾಷೆಗೆ ತಿರುಗಿಸಬೇಕು. ಆ ಭಾಷೆಯಾದ ಆರ್‌ಡಿಎಫ್‌ನಲ್ಲಿ ಪ್ರತಿಯೊಂದು ಮಾತಿಗೂ ಮೂರೇ ಅಂಗಗಳು. ನೈಯಾಯಿಕರ ಅನುಯೋಗಿ, ಸಂಬಂಧ, ಪ್ರತಿಯೋಗಿಗಳನ್ನು ನೆನೆದರೆ ಸಾಕು. ಸ್ಥೂಲನಿಯಮಗಳು ಸುಲಭ: ವಸ್ತುವಿನ ಜಾತಿಯು ವರ್ಗವಾಗುವುದು, ಗುಣವೂ ಸಂಬಂಧವೂ ಧರ್ಮಗಳಾಗುವುವು, ಸಾಲನ್ನು ಗುರುತಿಸುವ ಸಂಖ್ಯೆಯು ಜಾಲದಲ್ಲೆಲ್ಲ ಒಂದನ್ನೇ ನಿರ್ದೇಶಿಸುವ ವಿಳಾಸವಾಗುವುದು. ಡಬ್ಲ್ಯೂ ತ್ರೀ ಸಿ ಸಂಘವು 2012ರಲ್ಲಿ ಅಂಗೀಕರಿಸಿದ ನೇರ ಪರಿವರ್ತನೆಯ ವಿಧಿಯು ಇಷ್ಟನ್ನು ಯಂತ್ರದಿಂದಲೇ ಮಾಡಿಸುವುದು.

ಸಂಬಂಧಕ್ಕೇ ಗುಣವಿದ್ದಾಗ ತೊಡಕು ಬರುವುದು. ಒಂದು ಕೃತಿಯನ್ನು ಅನೇಕ ಲಿಪಿಕಾರರು ಪ್ರತಿಮಾಡುವರು. ಒಬ್ಬನೇ ಅನೇಕ ಕೃತಿಗಳನ್ನೂ ಪ್ರತಿಮಾಡುವನು. ಪ್ರತಿಮಾಡಿದ ಶಕವರ್ಷವು ಆತನ ಗುಣವೂ ಅಲ್ಲ, ಕೃತಿಯ ಗುಣವೂ ಅಲ್ಲ. ಮೂರಂಗದ ಮಾತಿನಲ್ಲಿ ಅದಕ್ಕೆ ಎಡೆಯಿಲ್ಲ. ಆದುದರಿಂದ ಆಖ್ಯಾತವನ್ನು ಭಾವನಾಮವಾಗಿಸುವಂತೆ 'ಪ್ರತಿಮಾಡಿದನು' ಎಂಬುದನ್ನು 'ಪ್ರತಿಲೇಖನ' ಎಂಬ ವಸ್ತುವನ್ನಾಗಿಸಿ, ಲಿಪಿಕಾರ, ಕೃತಿ, ವರ್ಷಗಳನ್ನು ಅದಕ್ಕೆ ಹೊಂದಿಸಬೇಕು.

ಇದಕ್ಕಿಂತ ಗಹನವಾದುದು ಏಕತ್ವದ ನಿಯಮ. ಕೃತಿಗೆ ಕರ್ತೃ ಒಬ್ಬನೇ ಎಂದು ಕೋಷ್ಟಕದಲ್ಲಿ ವಿಧಿಸಿದ್ದರೆ, ಎರಡನೆಯ ಹೆಸರನ್ನು ಬರೆಯಹೋದಾಗ ಯಂತ್ರವು ಅದನ್ನು ತಿರಸ್ಕರಿಸುವುದು. ಅದೇ ವಿಧಿಯನ್ನು 2004ರಲ್ಲಿ ಅಂಗೀಕೃತವಾದ ಔಲ್ ಎಂಬ ಪರಿಭಾಷೆಗೆ ಅಕ್ಷರಶಃ ತಿರುಗಿಸಿದರೆ ಫಲವು ಬೇರೆ. ಅಲ್ಲಿ ಹೆಸರುಗಳು ಎರಡಾದ ಮಾತ್ರಕ್ಕೆ ವ್ಯಕ್ತಿಗಳು ಇಬ್ಬರೆಂದಾಗದು; ಅಮೋಘವರ್ಷನೇ ನೃಪತುಂಗನಾದುದರಿಂದ ಈ ನಿಲುವು ಅಸಂಗತವೇನೂ ಅಲ್ಲ. ಆದರೆ ಕವಿರಾಜಮಾರ್ಗದ ಕರ್ತೃ ನೃಪತುಂಗನೆಂದು ಒಂದು ಸೂಚಿಯೂ ಶ್ರೀವಿಜಯನೆಂದು ಮತ್ತೊಂದು ಸೂಚಿಯೂ ಹೇಳಿ, ಎರಡೂ ಜಾಲದಲ್ಲಿ ಕೂಡಿದಾಗ, ಯಂತ್ರವು ದೋಷವನ್ನು ಕಾಣದೆ ನೃಪತುಂಗನೇ ಶ್ರೀವಿಜಯನೆಂದು ಅನುಮಿತಿಮಾಡುವುದು! ಬಳಿಕ ರಾಷ್ಟ್ರಕೂಟ ಚಕ್ರವರ್ತಿಯ ಆಳ್ವಿಕೆಯ ವರ್ಷಗಳೆಲ್ಲ ಆಸ್ಥಾನಕವಿಗೆ ಅಂಟಿಕೊಳ್ಳುವುವು. ಇವರಿಬ್ಬರು ಭಿನ್ನರೆಂದು ಮೊದಲೇ ಸ್ಪಷ್ಟವಾಗಿ ಹೇಳಿದ್ದರೆ ಮಾತ್ರ ವಿರೋಧವು ತೋರುವುದು.

ಕರ್ತೃತ್ವಕ್ಕೆ ಏಕತ್ವವನ್ನು ವಿಧಿಸದಿರುವುದೇ ಲೇಸೆಂದು ನನ್ನ ಅಭಿಪ್ರಾಯ. ಎಣಿಕೆಯ ಪರೀಕ್ಷೆ ಬೇಕಾದಲ್ಲಿ 2017ರ ಶ್ಯಾಕಲ್ ವಿಧಿಯುಂಟು. ಅದು ಇಬ್ಬರನ್ನು ಒಬ್ಬನನ್ನಾಗಿಸದೆ ತಪ್ಪನ್ನಷ್ಟೇ ತೋರಿಸುವುದು. ವಿವಾದವುಳ್ಳ ಕರ್ತೃತ್ವವನ್ನಂತೂ ಪ್ರತಿಲೇಖನದಂತೆಯೇ 'ಕರ್ತೃತ್ವನಿರ್ದೇಶ' ಎಂಬ ವಸ್ತುವನ್ನಾಗಿಸುವುದು ಯುಕ್ತ. ಕೆ. ಬಿ. ಪಾಠಕರ 1898ರ ಆವೃತ್ತಿಯು ನೃಪತುಂಗನನ್ನು ಹೆಸರಿಸಿದುದು ಒಂದು ನಿರ್ದೇಶ. ಶ್ರೀವಿಜಯನ ಪಕ್ಷವನ್ನು ಹಿಡಿದ ಒಬ್ಬೊಬ್ಬ ವಿದ್ವಾಂಸರದೂ ಬೇರೊಂದು ನಿರ್ದೇಶ. ಆಗ ಎರಡು ಪಕ್ಷಗಳೂ ತಮ್ಮ ತಮ್ಮ ಪ್ರಮಾಣಗಳೊಡನೆ ಒಂದೇ ಸೂಚಿಯಲ್ಲಿ ನಿಲ್ಲಬಲ್ಲವು.