ಮಣ್ಣು ರಾಶಿ ಹಾಕಿದವರು ಯಾರೋ, ಹೊಣೆ ಯಾರದು?

ಲಂಡನ್ನಿನ ವಿಂಬಲ್ಡನ್ ಎಂದರೆ ನಮಗೆ ಟೆನಿಸ್ ನೆನಪಾಗುತ್ತದೆ. ಕಾನೂನು ಓದಿದವರಿಗೆ ಅಲ್ಲಿನ ಒಂದು ಮಣ್ಣಿನ ರಾಶಿಯೂ ನೆನಪಾಗಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಊರಿನ ನಗರಾಡಳಿತ ಮಂಡಳಿ ಒಂದು ರಸ್ತೆಯ ಕಾಮಗಾರಿಯನ್ನು ಗುತ್ತಿಗೆಗೆ ಕೊಟ್ಟಿತು. ಗುತ್ತಿಗೆದಾರನ ಆಳುಗಳು ಕೆತ್ತಿ ತೆಗೆದ ಮಣ್ಣು, ಹುಲ್ಲನ್ನು ದಾರಿಯ ಮೇಲೇ ಗುಡ್ಡೆ ಹಾಕಿದರು. ಕತ್ತಲಾದ ಮೇಲೆ ಅಲ್ಲಿ ದೀಪವಿಲ್ಲ, ಅಡ್ಡಗಟ್ಟೂ ಇಲ್ಲ. ಆ ದಾರಿಯಲ್ಲಿ ನಡೆದು ಬಂದ ಪೆನ್ನಿ ಎಂಬವರು ರಾಶಿಗೆ ಎಡವಿ ಬಿದ್ದು ಗಾಯಗೊಂಡರು, ದಾವೆ ಹೂಡಿದರು. ಕೆಲಸ ಗುತ್ತಿಗೆದಾರನದು, ತಪ್ಪೂ ಅವನದೇ, ನಮ್ಮನ್ನೇಕೆ ಕೇಳುತ್ತೀರಿ ಎಂಬುದು ಮಂಡಳಿಯ ವಾದ. 1899ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ತಳ್ಳಿಹಾಕಿತು. ಜನ ಓಡಾಡುವ ರಸ್ತೆಯನ್ನು ಅಗೆದರೆ ಅಪಾಯ ಇದ್ದೇ ಇರುತ್ತದೆ. ಅಗೆಯಲು ಹೇಳಿದವರಿಗೆ ಅದು ಮೊದಲೇ ಗೊತ್ತಿರಬೇಕು. ಆ ಅಪಾಯದಿಂದ ಜನರನ್ನು ಕಾಯುವ ಕರ್ತವ್ಯವನ್ನು ಗುತ್ತಿಗೆ ಪತ್ರದ ಮೂಲಕ ಇನ್ನೊಬ್ಬರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲು ಬರುವುದಿಲ್ಲ. ಮೂರು ವರ್ಷ ಮೊದಲು, 1896ರಲ್ಲಿ, ಇದೇ ತತ್ವ ಯಾರ್ಕ್‌ಶೈರಿನ ಐಡಲ್ ಎಂಬ ಊರಿನ ಚರಂಡಿ ಕೆಲಸಕ್ಕೂ ಅನ್ವಯವಾಗಿತ್ತು: ಗುತ್ತಿಗೆದಾರ ಒಡೆದ ಕೊಳವೆಯ ಅನಿಲ ಮನೆಯೊಳಗೆ ಸೇರಿ ಸ್ಫೋಟಿಸಿದಾಗ ನಷ್ಟ ತುಂಬಿಕೊಡಬೇಕಾದದ್ದು ಅಲ್ಲಿನ ಮಂಡಳಿ.

ವಿಂಬಲ್ಡನ್ ತೀರ್ಪಿನ ಸೂಕ್ಷ್ಮ ಇರುವುದು ಅದು ಎಳೆದ ಗೆರೆಯಲ್ಲಿ. ಕೂಲಿಯಾಳು ಮರೆತು ದಾರಿಯಲ್ಲಿ ಬಿಟ್ಟುಹೋದ ಪಿಕಾಸಿಗೆ ಯಾರಾದರೂ ಎಡವಿದರೆ ಅದು ಪ್ರಾಸಂಗಿಕ ಅಜಾಗರೂಕತೆ, ಅದಕ್ಕೆ ಮಂಡಳಿ ಹೊಣೆಯಲ್ಲ. ಮಣ್ಣಿನ ರಾಶಿ ಹಾಗಲ್ಲ, ರಸ್ತೆ ಕೆತ್ತಿದರೆ ಮಣ್ಣು ಬಂದೇ ಬರುತ್ತದೆ. ಅಂದರೆ ಕಾಮಗಾರಿಯ ಹೊಟ್ಟೆಯೊಳಗೇ ಇರುವ ಅಪಾಯಕ್ಕೆ ಕಾಮಗಾರಿ ಮಾಡಿಸಿದವರು ಉತ್ತರ ಕೊಡಬೇಕು. ಸ್ಥಳೀಯ ಸಂಸ್ಥೆಗಳನ್ನು ಗುತ್ತಿಗೆದಾರರ ಪ್ರತಿ ಎಡವಟ್ಟಿಗೂ ಕಟ್ಟಿಹಾಕಿದರೆ ಅವು ಕೆಲಸವನ್ನೇ ಮಾಡಿಸಲಾರವು ಎಂಬ ಆಕ್ಷೇಪಕ್ಕೆ ಆ ಗೆರೆಯೇ ಸಾಕಷ್ಟು ಉತ್ತರ.

1956ರವರೆಗೆ ಮದ್ರಾಸಿಗೆ ಸೇರಿದ್ದ, ಕೊಲ್ಲೂರು ಇರುವ ಕುಂದಾಪುರ ಸೀಮೆಯೂ ಸೇರಿ ಇಡೀ ಬ್ರಿಟಿಷ್ ಇಂಡಿಯಾದ ನ್ಯಾಯಾಲಯಗಳು ಇಂಥ ವಿಷಯಗಳಲ್ಲಿ ಇಂಗ್ಲಿಷ್ ತೀರ್ಪುಗಳತ್ತಲೇ ನೋಡುತ್ತಿದ್ದವು. ಆದರೆ ಸರ್ಕಾರಕ್ಕೆ ಇನ್ನೊಂದು ಆಸರೆ ಇತ್ತು. ಕಲ್ಕತ್ತೆಯ ಹಡಗುಕಟ್ಟೆಯ ಬಳಿ ಕುದುರೆಯೊಂದು ಗಾಯಗೊಂಡ 1861ರ ಮೊಕದ್ದಮೆಯಿಂದ ಹುಟ್ಟಿದ ‘ಸಾರ್ವಭೌಮ ಕಾರ್ಯ’ದ ವಿನಾಯಿತಿ ಅದು. ಸ್ವತಂತ್ರ ಭಾರತದ ಮೊದಲ ಕಾನೂನು ಆಯೋಗ 1956ರಲ್ಲಿ ಕೊಟ್ಟ ಮೊಟ್ಟಮೊದಲ ವರದಿಯ ವಿಷಯವೇ ಸರ್ಕಾರದ ಈ ಹೊಣೆಗಾರಿಕೆ. 1964ರಲ್ಲಿ ಕಸ್ತೂರಿಲಾಲ್ ಪ್ರಕರಣದಲ್ಲಿ ಪರಿಹಾರ ನಿರಾಕರಿಸಬೇಕಾಗಿ ಬಂದ ಸುಪ್ರೀಂ ಕೋರ್ಟ್ ಕೂಡ ಕಾಯ್ದೆ ಮಾಡಿ ಎಂದು ಶಾಸಕಾಂಗಕ್ಕೆ ಹೇಳಿತು. 1967ರಲ್ಲಿ ಲೋಕಸಭೆಗೆ ಮಸೂದೆ ಬಂತು. ಗುತ್ತಿಗೆದಾರನ ತಪ್ಪಿಗೆ ಸರ್ಕಾರ ಯಾವ ಯಾವ ಸಂದರ್ಭದಲ್ಲಿ ಹೊಣೆ ಎಂಬುದನ್ನೂ ಅದರಲ್ಲಿ ಬರೆದಿದ್ದರು. ಎಚ್ಚರ ತಪ್ಪಿದರೆ ಜನರಿಗೆ ಪೆಟ್ಟಾಗುವಂಥ ಕೆಲಸ ಅವುಗಳಲ್ಲಿ ಒಂದು. ಮಸೂದೆ ಬಿದ್ದುಹೋಯಿತು. ಅದು ಕಾಯ್ದೆಯಾಗಿದ್ದರೆ ಗಾಯಾಳುಗಳು ಇಂದು ಹಳೆಯ ತೀರ್ಪುಗಳನ್ನು ಹುಡುಕುತ್ತ ಅಲೆಯಬೇಕಿರಲಿಲ್ಲ. ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದೇ ಸಿಟ್ಟು ಬರಿಸುವ ಸಂಗತಿ.

ಕಾಯ್ದೆ ಬಾರದ ಜಾಗವನ್ನು ತುಂಬಿದ್ದು ನ್ಯಾಯಾಲಯಗಳೇ. ಅವುಗಳಲ್ಲಿ ನಮ್ಮ ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು ವಡೋದರದ ಸುರ್‌ಸಾಗರ ಕೆರೆಯ ಪ್ರಕರಣ. ಕೆರೆಯಲ್ಲಿ ದೋಣಿವಿಹಾರ ನಡೆಸುವುದನ್ನು ಮಹಾನಗರಪಾಲಿಕೆ ಗುತ್ತಿಗೆಗೆ ಬಿಟ್ಟಿತ್ತು. 1993ರ ಆಗಸ್ಟ್ 11ರಂದು 20 ಜನರ ದೋಣಿಗೆ 38 ಜನರನ್ನು ಹತ್ತಿಸಿದರು. ದೋಣಿ ಮಗುಚಿ 22 ಮಂದಿ ಮುಳುಗಿ ಸತ್ತರು. ಗ್ರಾಹಕ ನ್ಯಾಯಾಲಯದ ಮೆಟ್ಟಿಲೇರಿದ ಕುಟುಂಬಗಳಿಗೆ ಪಾಲಿಕೆ ಕೊಟ್ಟ ಉತ್ತರವೂ ವಿಂಬಲ್ಡನ್ನಿನದೇ: ದೋಣಿ ನಡೆಸಿದವನು ಸ್ವತಂತ್ರ ಗುತ್ತಿಗೆದಾರ. 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪಾಲಿಕೆಯ ಮೇಲ್ಮನವಿಯನ್ನು ವಜಾ ಮಾಡಿತು. ಸುರಕ್ಷತೆಯ ಕರ್ತವ್ಯ ಪಾಲಿಕೆಯದೇ, ಗುತ್ತಿಗೆ ಕೊಟ್ಟ ಮಾತ್ರಕ್ಕೆ ಅದು ಕಳಚಿಕೊಳ್ಳುವುದಿಲ್ಲ ಎಂದಿತು. ಸತ್ತವರ ಕಡೆಯವರು 21 ವರ್ಷ ಕಾದಿದ್ದರು. ಅದೇ ವಡೋದರದ ಹರಣಿ ಕೆರೆಯಲ್ಲಿ 2024ರ ಜನವರಿ 18ರಂದು, ಮತ್ತೆ ಗುತ್ತಿಗೆಗೆ ಕೊಟ್ಟ ದೋಣಿವಿಹಾರದಲ್ಲಿ, 12 ಶಾಲಾ ಮಕ್ಕಳು ಮತ್ತು 2 ಶಿಕ್ಷಕಿಯರು ಪ್ರಾಣ ಕಳೆದುಕೊಂಡರು. ತೀರ್ಪು ಪರಿಹಾರ ಕೊಡಿಸುತ್ತದೆ, ಆದರೆ ಉಸ್ತುವಾರಿಯನ್ನು ಅಧಿಕಾರಿಗಳೇ ಮಾಡಬೇಕು.

ಮೂಕಾಂಬಿಕಾ ದೇವಸ್ಥಾನವಿರುವ ಕೊಲ್ಲೂರಿನಂಥ ಊರಿಗೆ ಈ ಇತಿಹಾಸ ಏಕೆ ಬೇಕು? ಇಲ್ಲಿ ದಾರಿಯಲ್ಲಿ ನಡೆಯುವವರಲ್ಲಿ ಹೆಚ್ಚಿನವರು ಊರಿನವರಲ್ಲ. ಬೈಂದೂರಿನ ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ ರೈಲು ಇಳಿದು ರಾತ್ರಿಯೇ ಬರುವವರು, ವಿಜಯದಶಮಿಯ ವಿದ್ಯಾರಂಭಕ್ಕೆ ಮಕ್ಕಳನ್ನು ಎತ್ತಿಕೊಂಡು ಬರುವ ಕೇರಳದವರು, ನಾಗೋಡಿ ಘಾಟಿ ಇಳಿದು ಬರುವ ಮಲೆನಾಡಿನವರು. ಎಲ್ಲಿ ಅಗೆದಿದ್ದಾರೆ, ಎಲ್ಲಿ ಚಪ್ಪಡಿ ಸರಿದಿದೆ ಎಂಬುದು ಅವರಿಗೆ ತಿಳಿಯುವ ದಾರಿಯಿಲ್ಲ. ಇನ್ನು ಒಡೆಯರೋ ಹಲವರು: ದೇವಸ್ಥಾನ ಮುಜರಾಯಿ ಇಲಾಖೆಯದು, ಬೀದಿ ಗ್ರಾಮ ಪಂಚಾಯಿತಿಯದು, ಮುಖ್ಯ ರಸ್ತೆ ಲೋಕೋಪಯೋಗಿಯದು, ಒಳಚರಂಡಿ ರಾಜ್ಯ ಮಂಡಳಿಯೊಂದರ ಯೋಜನೆ. ಆ ಒಳಚರಂಡಿ ಬಂದ ಮೇಲೂ ಕೊಳಚೆ ಸೌಪರ್ಣಿಕಾ ಹೊಳೆಗೆ ಸೇರುತ್ತಿದೆ ಎಂಬ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಹೊಳೆಯ ವಿಷಯದಲ್ಲೇ ಹೊಣೆ ಹುಡುಕಲು ಇಷ್ಟು ದೂರ ಹೋಗಬೇಕಾದರೆ, ತೆರೆದ ಮ್ಯಾನ್‌ಹೋಲಿಗೆ ಕಾಲು ಸಿಕ್ಕಿಸಿಕೊಂಡ ಯಾತ್ರಿಕ ಯಾರನ್ನು ಕೇಳಬೇಕು? ಅಂಥವನು ಇಲಾಖೆಯಿಂದ ಇಲಾಖೆಗೆ, ಅಲ್ಲಿಂದ ಉಪಗುತ್ತಿಗೆದಾರನಿಗೆ ಅಲೆಯಬಾರದು ಎಂಬುದೇ ವಿಂಬಲ್ಡನ್ನಿನ ನ್ಯಾಯ. ಕಾಮಗಾರಿಗೆ ಆದೇಶ ಕೊಟ್ಟ ಸಂಸ್ಥೆ ಮೊದಲು ಪರಿಹಾರ ಕೊಡಲಿ, ಆಮೇಲೆ ಗುತ್ತಿಗೆದಾರನ ಹತ್ತಿರ ವಸೂಲಿ ಮಾಡಲಿ.

ಪರಿಹಾರ ಕೊಡುವ ಹಣ ಜನರ ತೆರಿಗೆಯದು, ಬಡ ಪಂಚಾಯಿತಿ ಎಲ್ಲಿಂದ ತರುತ್ತದೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಭದ್ರತಾ ಠೇವಣಿ ಇಟ್ಟುಕೊಳ್ಳುವುದು, ವಿಮೆ ಕಡ್ಡಾಯ ಮಾಡುವುದು, ದೀಪ ಮತ್ತು ತಡೆಬೇಲಿಯ ಖರ್ಚನ್ನು ಎಸ್ಟಿಮೇಟಿನಲ್ಲೇ ಸೇರಿಸುವುದು, ಅವು ಇಲ್ಲದಿದ್ದರೆ ಬಿಲ್ಲು ತಡೆಯುವುದು ಎಲ್ಲವೂ ಕಾಮಗಾರಿ ಕೊಡುವವರ ಕೈಯಲ್ಲಿದೆ. ಮುರಿದ ಕಾಲಿನ ವ್ಯಕ್ತಿಯ ಕೈಯಲ್ಲಿ ಇವು ಯಾವುವೂ ಇಲ್ಲ. ದಂಡವಿಧಿ ಇದೆಯಲ್ಲ ಎಂಬ ಮಾತೂ ಪೂರ್ತಿ ಉತ್ತರವಲ್ಲ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಬಂದ 198ಎ ಕಲಮು ರಸ್ತೆಯ ಸುರಕ್ಷತಾ ಮಾನದಂಡ ಪಾಲಿಸದ ಅಧಿಕಾರಿ, ಗುತ್ತಿಗೆದಾರ ಇಬ್ಬರಿಗೂ 1 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ, ಆದರೆ ಆ ಹಣ ನೇರವಾಗಿ ಗಾಯಾಳುವಿಗೆ ಹೋಗುವುದಿಲ್ಲ. ಅದಕ್ಕಿಂತ ಹತ್ತಿರದ ದಾರಿಯನ್ನು ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ರಸ್ತೆಗುಂಡಿಗಳ ಪ್ರಕರಣದಲ್ಲಿ 2019ರಲ್ಲೇ ತೋರಿಸಿದೆ: ಕೆಟ್ಟ ರಸ್ತೆಯಿಂದ ಪೆಟ್ಟಾದವರು ಪರಿಹಾರ ಕೇಳುವ ಹಕ್ಕುಳ್ಳವರು.

ಆದ್ದರಿಂದ ಪೆಟ್ಟಾದವರು, ಅವರ ಮನೆಯವರು ಗುತ್ತಿಗೆದಾರನ ಹೆಸರು ಗೊತ್ತಿಲ್ಲವೆಂದು ಸುಮ್ಮನಾಗಬಾರದು. ಜಾಗದ ಫೋಟೊ ತೆಗೆದಿಡಿ, ಆಸ್ಪತ್ರೆಯ ಕಾಗದ ಜೋಪಾನ ಮಾಡಿ, ಕಾಮಗಾರಿ ಆದೇಶದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, ದಾವೆಯಲ್ಲಿ ಗುತ್ತಿಗೆದಾರನ ಜೊತೆಗೆ ಸಂಸ್ಥೆಯನ್ನೂ ಪ್ರತಿವಾದಿ ಮಾಡಿ. ಸರ್ಕಾರದ ಮೇಲೆ ದಾವೆಯಾದರೆ 2 ತಿಂಗಳ ಮುಂಚಿತ ನೋಟಿಸು ಬೇಕು. ಶಾಸನದಡಿ ಮಾಡಿದ ಕೆಲಸದಿಂದಾದ ಹಾನಿಗೆ ಪರಿಹಾರ ಕೇಳಲು ಕಾಲಮಿತಿ ಕಾಯ್ದೆ ಕೊಡುವ ಅವಧಿ ಒಂದೇ ವರ್ಷ.